ಬೈ ಟೂ ಗಡ್‌ಬಡ್

ಹೋಟೆಲಿನ ಸಿಹಿ ನನಗೆ ಸೇರುವುದಿಲ್ಲ. ಇಷ್ಟು ಸಣ್ಣ ಮಾತನ್ನು ಒಪ್ಪಿಕೊಳ್ಳಲು ನನಗೆ ಐವತ್ತೆರಡು ವರ್ಷ ಬೇಕಾಯಿತು. ಮನೆಯಲ್ಲಿ ಮಾಡಿದ ಪಾಯಸವಾದರೆ ಎರಡು ಲೋಟ ಕುಡಿಯುತ್ತೇನೆ. ಯುಗಾದಿಗೆ ಹೋಳಿಗೆಯ ಮೇಲೆ ತುಪ್ಪ ಸುರಿದುಕೊಂಡು ತಿಂದು ಮಧ್ಯಾಹ್ನ ಮಲಗುತ್ತೇನೆ. ಹೊರಗೆ ಊಟಕ್ಕೆ ಹೋದಾಗ ಕೊನೆಯಲ್ಲಿ ಬಟ್ಟಲಲ್ಲೋ ಗಾಜಿನ ಲೋಟದಲ್ಲೋ ಬಂದು ಎದುರು ಕೂರುತ್ತದಲ್ಲ, ಅದು ಮಾತ್ರ ಎರಡನೇ ಚಮಚಕ್ಕೆ ಗಂಟಲಲ್ಲಿ ನಿಂತುಬಿಡುತ್ತದೆ. ಜಾಮೂನಾಗಲಿ, ರಬಡಿಯಾಗಲಿ, ಈಗಿನವರು ತಿನ್ನುವ ಕೇಕಾಗಲಿ, ಅದರಲ್ಲಿ ಹಾಲೆಷ್ಟು, ಏಲಕ್ಕಿ ಎಷ್ಟು ಎಂದು ನಾಲಿಗೆಗೆ ತಿಳಿಯುವ ಮೊದಲೇ ಸಕ್ಕರೆ ಬಂದು ಬಾಯಿ ಮುಚ್ಚಿಸುತ್ತದೆ. ಅಡುಗೆಯವರಿಗೆ ಬೇರೇನೂ ತೋಚದಿದ್ದಾಗ ಸಕ್ಕರೆ ಸುರಿಯುತ್ತಾರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಅಭಿಪ್ರಾಯ ಎಷ್ಟೇ ಗಟ್ಟಿಯಾಗಿದ್ದರೂ ಇಪ್ಪತ್ತೇಳು ವರ್ಷ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಅದಕ್ಕೆ ಕಾರಣ ನನ್ನ ಅಕ್ಕ.

ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಮೈಸೂರಿನಿಂದ ಮೊದಲು ಬಂದವಳು ಅವಳೇ. ಡೊಂಬಿವಲಿಯ ಒಂದು ಕನ್ನಡ ಶಾಲೆಯಲ್ಲಿ ಟೀಚರಾದಳು. ಅಮ್ಮ ತೀರಿಕೊಂಡ ಮೇಲೆ ನನ್ನನ್ನೂ ಕರೆಸಿಕೊಂಡಳು. ನನಗಾಗ ಇಪ್ಪತ್ತೈದು. ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಹೌಸಿಂಗ್ ಸೊಸೈಟಿ, ಮೂರನೇ ಮಹಡಿ, ಒಂದು ಕೋಣೆ, ಹಾಲ್, ಅಡುಗೆಮನೆ. ಅದರೊಳಗೆ ನಾವಿಬ್ಬರೂ ಜಗಳವಾಡುತ್ತಾ, ಒಬ್ಬರ ಶಾಲು ಇನ್ನೊಬ್ಬರು ಹೊದೆಯುತ್ತಾ ವಯಸ್ಸು ಕಳೆದೆವು. ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ಅಕ್ಕ "ಯಾರೂ ಕೇಳ್ಲಿಲ್ಲ" ಎನ್ನುತ್ತಿದ್ದಳು. ನಾನು "ಕೇಳಿದೋರು ಸರಿ ಇರ್ಲಿಲ್ಲ" ಎನ್ನುತ್ತಿದ್ದೆ.

ನಾನು ಬಂದ ಮೊದಲ ತಿಂಗಳು, ಒಂದು ಶನಿವಾರ, ಲೋಕಲ್ ರೈಲಿನಿಂದ ಇಳಿಯುವ ನೂಕಾಟದಲ್ಲಿ ನನ್ನ ಒಂದು ಚಪ್ಪಲಿ ಹಳಿಯ ಮೇಲೆ ಬಿತ್ತು. ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಮನೆಗೆ ಬಂದು, ಮೈಸೂರಿಗೆ ವಾಪಸ್ ಹೋಗುತ್ತೇನೆ ಎಂದು ಅತ್ತೆ. ಮೈಸೂರಿನಲ್ಲಿ ನನಗೆ ಬಾಗಿಲು ತೆಗೆಯುವವರು ಯಾರೂ ಉಳಿದಿರಲಿಲ್ಲ. ಅಕ್ಕ ಸಮಾಧಾನದ ಮಾತು ಹೇಳುವವಳಲ್ಲ. ತನ್ನ ಒಳ್ಳೆಯ ಚಪ್ಪಲಿಯನ್ನು ನನ್ನ ಕಾಲಿಗೆ ಹಾಕಿಸಿ, ತಾನು ಬಚ್ಚಲಮನೆಯ ಹವಾಯಿ ಮೆಟ್ಟಿಕೊಂಡು, ಬೀದಿ ಕೊನೆಯ ಉಡುಪಿ ಹೋಟೆಲಿಗೆ ಕರೆದುಕೊಂಡು ಹೋದಳು. ದೋಸೆ ಮುಗಿದ ಮೇಲೆ "ಒಂದು ಗಡ್‌ಬಡ್, ಬೈ ಟೂ" ಎಂದಳು.

ಗಡ್‌ಬಡ್ ಎಂದರೆ ಉದ್ದನೆಯ ಗಾಜಿನ ಲೋಟದಲ್ಲಿ ಮೂರು ಬಣ್ಣದ ಐಸ್‌ಕ್ರೀಮು, ನಡುನಡುವೆ ಹಣ್ಣಿನ ಚೂರು, ಗೋಡಂಬಿ, ತಳದಲ್ಲಿ ಜೆಲ್ಲಿ, ಎಲ್ಲದರ ಮೇಲೆ ಕೆಂಪು ಶರಬತ್ತು, ಅದರ ಮೇಲೊಂದು ಚೆರಿ. ಕರಾವಳಿಯ ಹೋಟೆಲಿನವರು ಕಂಡುಹಿಡಿದದ್ದಂತೆ. ಅದನ್ನು ಎರಡು ಲೋಟಕ್ಕೆ ಹಂಚಲು ಬರುವುದಿಲ್ಲವಾದ್ದರಿಂದ ಒಂದು ಲೋಟ, ಎರಡು ಉದ್ದ ಚಮಚ ಬಂದವು. ತಂದಿಟ್ಟವರು ಕುಂದಾಪುರದ ಕಡೆಯವರು, ಆಗ ತೆಳ್ಳಗಿದ್ದರು. ನಮ್ಮ ಕನ್ನಡ ಕೇಳಿ, "ಇಲ್ಲಿ ಬೈ ಟೂ ಹೇಳುವವರು ನೀವೇ ಕಾಣಿ" ಎಂದು ನಕ್ಕರು. ಮೈಸೂರು ಬೆಂಗಳೂರಿನವರಾದ ನಮಗೆ ಕಾಫಿಯಾಗಲಿ ಸೂಪಾಗಲಿ ಬೈ ಟೂ ಹೇಳಿಯೇ ಅಭ್ಯಾಸ. ಇಬ್ಬರು ಕೂತು ಒಬ್ಬೊಬ್ಬರು ಒಂದೊಂದು ತರಿಸಿಕೊಂಡರೆ ಅವರ ನಡುವೆ ಏನೋ ಮನಸ್ತಾಪವಿದೆ ಎಂದೇ ನಮ್ಮ ಲೆಕ್ಕ.

ಮೊದಲ ಚಮಚಕ್ಕೆ ತಂಪೂ ಸಕ್ಕರೆಯೂ ಒಟ್ಟಿಗೇ ನನ್ನ ಹುಳುಕು ಹಲ್ಲಿಗೆ ಹೋಗಿ ತಾಗಿ, ಅಳು ತಟ್ಟನೆ ನಿಂತಿತು. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು. ಹೇಗಿದೆ ಎಂದು ಕೇಳಿದಳು. ಬಹಳ ರುಚಿಯಾಗಿದೆ ಎಂದೆ. ಬಚ್ಚಲಮನೆಯ ಹವಾಯಿ ಹಾಕಿಕೊಂಡು ಎದುರು ಕೂತವಳಿಗೆ ಬೇರೇನು ಹೇಳಲಿ?

ಆ ಒಂದು ಮಾತಿನಿಂದ ನಮ್ಮ ಶನಿವಾರಗಳೆಲ್ಲ ತೀರ್ಮಾನವಾಗಿಹೋದವು. ಮುಂದಿನ ವಾರ ಅಕ್ಕ ತಾನಾಗಿ ಗಡ್‌ಬಡ್ ಹೇಳಿದಳು. ಅದರ ಮುಂದಿನ ವಾರವೂ ಹೇಳಿದಳು. ಅವಳಿಗೆ ಗಡ್‌ಬಡ್ ಎಂದರೆ ಪ್ರಾಣ ಎಂದು ನಾನು ತಿಳಿದೆ. ಪಾಪ, ವಾರವಿಡೀ ಮಕ್ಕಳ ಮುಂದೆ ಕಿರುಚಿ ಕಿರುಚಿ ಬರುತ್ತಾಳೆ, ಅವಳಿಗೆ ಇರುವುದೇ ಇದೊಂದು ಆಸೆ, ನಾನು ಮೂಗು ಮುರಿದರೆ ಅದನ್ನೂ ಬಿಟ್ಟುಬಿಡುತ್ತಾಳೆ ಎಂದು ತೆಪ್ಪಗೆ ತಿಂದೆ. ತಳದ ಜೆಲ್ಲಿಯಲ್ಲಿ ಶರಬತ್ತೆಲ್ಲ ಇಳಿದು ನಿಂತಿರುತ್ತಿತ್ತು, ಅದು ನನ್ನಿಂದ ಆಗುತ್ತಿರಲಿಲ್ಲ. "ನಿಂಗಿರ್ಲಿ ಅಕ್ಕ" ಎಂದು ಅವಳ ಕಡೆ ತಳ್ಳುತ್ತಿದ್ದೆ. ಅವಳು "ಚೆರಿ ನೀನೇ ತಿನ್ನೇ" ಎಂದು ನನ್ನ ಕಡೆ ನೂಕುತ್ತಿದ್ದಳು. ಎಷ್ಟು ಪ್ರೀತಿ ನೋಡು ಅಕ್ಕನಿಗೆ ಎಂದುಕೊಂಡು ಆ ಪಾಕದ ಉಂಡೆಯನ್ನು ನುಂಗುತ್ತಿದ್ದೆ.

ಮನೆಯಲ್ಲಿ ಕೇಸರಿಬಾತ್ ಮಾಡುವಾಗ ಅಕ್ಕ ಸಕ್ಕರೆ ಡಬ್ಬಿಯನ್ನು ಬಹಳ ಹಿಡಿತದಲ್ಲಿ ಬಗ್ಗಿಸುತ್ತಿದ್ದಳು. ಅದು ನನ್ನ ನಾಲಿಗೆಗೆ ಹೇಳಿ ಮಾಡಿಸಿದ ಹಾಗಿರುತ್ತಿತ್ತು. ಶನಿವಾರದ ಆಸೆಗಾಗಿ ಮನೆಯಲ್ಲಿ ಉಳಿತಾಯ ಮಾಡುತ್ತಾಳೆ ಎಂದು ನಾನು ಲೆಕ್ಕ ಹಾಕಿದ್ದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಅಕ್ಕ ನಿವೃತ್ತಿಯಾಗುವ ವರ್ಷ ಶಾಲೆಗೆ ಒಬ್ಬರು ಬರತೊಡಗಿದರು. ಧಾರವಾಡದ ಕಡೆಯವರು, ರೈಲ್ವೆಯಲ್ಲಿದ್ದು ನಿವೃತ್ತರಾಗಿ ಕಲ್ಯಾಣದಲ್ಲಿದ್ದವರು. ತೀರಿಹೋದ ಹೆಂಡತಿಯ ಕನ್ನಡ ಪುಸ್ತಕಗಳನ್ನು ಶಾಲೆಯ ಲೈಬ್ರರಿಗೆ ಕೊಡಬೇಕೆಂದು ಬಂದರು. ಎಲ್ಲವನ್ನೂ ಒಂದು ಆಟೋದಲ್ಲಿ ಹಾಕಿಕೊಂಡು ಬರಬಹುದಿತ್ತು. ಅವರು ವಾರಕ್ಕೆ ನಾಲ್ಕು ನಾಲ್ಕು ತಂದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ಅಕ್ಕ ವಿಷಯ ಹೇಳಿದ್ದು ಅದೇ ಹೋಟೆಲಿನಲ್ಲಿ, ಗಡ್‌ಬಡ್ ಅರ್ಧ ಆದಾಗ. "ಮದುವೆ ಆಗೋಣ ಅಂತಿದೀನಿ ಕಣೇ. ನೀನು ಬೇಡ ಅಂದ್ರೆ ಇಲ್ಲಿಗೇ ಬಿಟ್ಬಿಡ್ತೀನಿ" ಎಂದಳು. ಐವತ್ತೆಂಟು ವರ್ಷದ ಹೆಂಗಸು, ಸಾವಿರಾರು ಮಕ್ಕಳಿಗೆ ಪಾಠ ಹೇಳಿದವಳು, ನನ್ನ ಮುಂದೆ ಮಾರ್ಕ್ಸ್ ಕಾರ್ಡ್ ಹಿಡಿದ ಹುಡುಗಿಯ ಹಾಗೆ ಕೂತಿದ್ದಳು.

"ನಾನ್ಯಾಕೆ ಬೇಡ ಅನ್ಲಿ?" ಎಂದೆ.

"ನೀನು ಒಬ್ಬಳೇ ಆಗ್ತೀಯಲ್ಲೇ."

"ನಾನೇನು ಮಗುನಾ? ಐಸ್‌ಕ್ರೀಮ್ ಕರಗ್ತಿದೆ, ತಿನ್ನು."

ಕಲ್ಯಾಣದ ರಿಜಿಸ್ಟ್ರಾರ್ ಕಚೇರಿಯಲ್ಲಿ ನಾನೇ ಸಾಕ್ಷಿ ಸಹಿ ಹಾಕಿದೆ. ಕಲ್ಯಾಣ ನಮ್ಮಿಂದ ಎರಡನೇ ಸ್ಟೇಷನ್. ದೂರವೇ ಅಲ್ಲ. ಆದರೆ ಮನೆಗೆ ಬಂದು ಬೀಗ ತೆಗೆದು ಒಳಗೆ ಹೋದರೆ ಬೆಳಿಗ್ಗೆ ನಾನು ಬಿಟ್ಟ ಲೋಟ ಬಿಟ್ಟಲ್ಲೇ ಇರುತ್ತಿತ್ತು. ಅದನ್ನು ಯಾರೂ ಬೈದುಕೊಂಡು ಎತ್ತಿಟ್ಟಿರುತ್ತಿರಲಿಲ್ಲ. ಬೈಗುಳ ಕೇಳಬೇಕೆಂದು ನನಗೆ ಇಷ್ಟು ಹಂಬಲವಾಗಬಹುದೆಂದು ನಾನು ಎಣಿಸಿರಲಿಲ್ಲ.

ಮೊದಲ ಶನಿವಾರ ಹಟಕ್ಕೆ ಬಿದ್ದು ಹೋಟೆಲಿಗೆ ಹೋದೆ. ಕುಂದಾಪುರದವರು, ಈಗ ತಲೆಗೆ ಬಣ್ಣ ಹಚ್ಚುತ್ತಾರೆ, ಕೇಳದೆಯೇ ಗಡ್‌ಬಡ್ ತಂದು ಎರಡು ಚಮಚ ಇಟ್ಟರು.

"ಟೀಚರ್ ಎಂತ ಬರ್ಲಿಲ್ಲ ಇವತ್ತು?"

"ಊರಿಗೆ ಹೋಗಿದಾರೆ."

ಯಾವ ಊರು ಎಂದು ಅವರು ಕೇಳಲಿಲ್ಲ, ಪುಣ್ಯ. ಅಕ್ಕ ಎದುರಿಗಿದ್ದಾಗ ನಾನು ನಾಲ್ಕು ಚಮಚ ತಿಂದು ಬಾಕಿ ಹೊತ್ತೆಲ್ಲ ಆಫೀಸಿನವರ ಮೇಲೆ ಚಾಡಿ ಹೇಳುತ್ತಿದ್ದೆ. ಈಗ ಲೋಟ ಪೂರ್ತಿ ನನ್ನದಾಗಿತ್ತು. ಮೂರನೇ ಚಮಚಕ್ಕೆ ಬಾಯಿ ಅಂಟಂಟಾಯಿತು. ಗುಲಾಬಿ ಬಣ್ಣದ ನೀರು ಲೋಟದ ಅಂಚಿಗೆ ಬರುವ ತನಕ ಸುಮ್ಮನೆ ನೋಡುತ್ತಾ ಕೂತಿದ್ದೆ. ಬಹಳ ದುಃಖವಾಯಿತು. ಎದ್ದು ಬಂದೆ.

ಎರಡು ವಾರ ಕಳೆದ ಮೇಲೆ ಅಕ್ಕನ ಫೋನು ಬಂತು. "ಯಾಕೋ ನನ್ನ ಮನಸ್ಸು ತಡೀತಿಲ್ಲ ಕಣೇ. ವಾರಕ್ಕೆ ಮೂರು ದಿನ ಅಲ್ಲೇ ಬಂದಿರ್ತೀನಿ. ಅವರನ್ನೂ ಕೇಳ್ದೆ, ಹೂಂ ಅಂದಿದಾರೆ."

ಬಾ ಎನ್ನಲು ನನ್ನ ಬಾಯಿ ಆಗಲೇ ತೆರೆದಿತ್ತು. ಆಮೇಲೆ ಆ ಮನುಷ್ಯ ಹೂಂ ಎಂದ ರೀತಿ ಹೇಗಿದ್ದೀತು ಎಂದು ಯೋಚಿಸಿದೆ. ಜೀವನವಿಡೀ ನನ್ನನ್ನು ನೋಡಿಕೊಂಡವಳು ಈ ವಯಸ್ಸಿಗೆ ಸಿಕ್ಕಿದ ಸಂಸಾರವನ್ನೂ ನನ್ನ ದೆಸೆಯಿಂದ ಅರ್ಧ ಮಾಡಿಕೊಳ್ಳುವುದು ನನಗೆ ಬೇಡವಾಗಿತ್ತು. "ಬಂದು ಏನ್ ಮಾಡ್ತೀಯ? ನಾನು ಆರಾಮಾಗಿದೀನಿ. ನಿನ್ನೆ ಹೋಗಿ ಗಡ್‌ಬಡ್ ತಿಂದು ಬಂದೆ" ಎಂದೆ.

"ಪೂರ್ತಿ ತಿಂದ್ಯಾ?"

"ಪೂರ್ತಿ."

ಅಕ್ಕ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಮೂರು ದಿನದ ಮಾತನ್ನು ಮತ್ತೆ ಎತ್ತಲಿಲ್ಲ. ಆದರೆ ಪ್ರತಿ ಭಾನುವಾರ ಬೆಳಿಗ್ಗೆ ಫೋನು ಮಾಡಿ, ಜ್ವರ ನೋಡುವ ಡಾಕ್ಟರ ಹಾಗೆ, ಮೊದಲು ಅದನ್ನೇ ಕೇಳುತ್ತಿದ್ದಳು. ನಾನು ಪ್ರತಿ ಸಲ ತಿಂದೆ ಎನ್ನುತ್ತಿದ್ದೆ. ನಾನು ಗಡ್‌ಬಡ್ ತಿನ್ನುವವರೆಗೆ ಅಕ್ಕ ಕಲ್ಯಾಣದಲ್ಲಿ ನೆಮ್ಮದಿಯಾಗಿರುತ್ತಾಳೆ ಎಂದಾಯಿತು.

ಆ ಹೋಟೆಲಿಗೆ ಹೋಗುವುದನ್ನು ಮಾತ್ರ ಬಿಟ್ಟೆ. ಊರಿಗೆ ಹೋದ ಟೀಚರ್ ಇನ್ನೂ ಯಾಕೆ ಬರಲಿಲ್ಲ ಎಂದರೆ ಏನು ಹೇಳುವುದು? ಸುಳ್ಳು ಪೂರ್ತಿ ಸುಳ್ಳಾಗದಿರಲಿ, ಶನಿವಾರ ಎಲ್ಲಾದರೂ ಏನಾದರೂ ಒಂದು ಸಿಹಿ ತಿಂದಿರೋಣ ಎಂದುಕೊಂಡೆ. ನನ್ನ ಆಫೀಸು ಸಾನಪಾಡಾದಲ್ಲಿ. ಬರುವಾಗ ಠಾಣೆಯಲ್ಲಿ ಗಾಡಿ ಬದಲಿಸಬೇಕು. ಹಾಗಾಗಿ ದಾರಿಯುದ್ದಕ್ಕೂ ಹೋಟೆಲುಗಳಿಗೆ ಬರವಿರಲಿಲ್ಲ. ಠಾಣೆಯ ಒಂದು ಮಾಲ್‌ನಲ್ಲಿ ಹಾಲಿನಲ್ಲಿ ನೆನೆಸಿದ ಕೇಕು ತಿಂದೆ. ಮಗುವಿನ ಔಷಧಿಯ ಹಾಗಿತ್ತು. ಕೋಪರಿಯಲ್ಲಿ ಸ್ಟೇಷನ್ ಪಕ್ಕದ ಸಿಹಿ ಅಂಗಡಿಯಲ್ಲಿ ರಬಡಿ ಹಾಕಿದ ಜಿಲೇಬಿ ಕೊಟ್ಟರು. ಪಾಕದಲ್ಲಿ ಅದ್ದಿದ್ದನ್ನು ಇನ್ನೊಂದು ಪಾಕದಲ್ಲಿ ಅದ್ದುವ ಬುದ್ಧಿ ಯಾರಿಗೆ ಬಂತೋ. ವಾಶಿಯಲ್ಲಿ ಗುಜರಾತಿ ಥಾಲಿಗೆ ಹೋದರೆ ಅಲ್ಲಿ ಬೇಳೆಯೇ ಸಿಹಿ. ಸಿಹಿಯಿಂದ ಶುರುವಾಗಿ ಸಿಹಿಯಲ್ಲಿ ಮುಗಿಯುವ ಆ ಊಟವನ್ನು ಬಡಿಸುವವರು ನನ್ನ ಸುತ್ತ ನಿಂತು "ಔರ್ ಲೀಜಿಯೇ" ಎಂದು ಉಪಚಾರ ಮಾಡಿದರು. ಅಷ್ಟು ಜನ ಒಟ್ಟಿಗೆ ನನ್ನನ್ನು ಮಾತಾಡಿಸಿ ಬಹಳ ದಿನವಾಗಿದ್ದರಿಂದ ಎರಡನೇ ಸಲವೂ ಬಾಸುಂದಿ ಹಾಕಿಸಿಕೊಂಡೆ.

ಎಲ್ಲ ಕಡೆಯೂ ಬಾಗಿಲಲ್ಲೇ ಎಷ್ಟು ಜನ ಎಂದು ಕೇಳುತ್ತಾರೆ. "ಏಕ್" ಎಂದರೆ ನನ್ನ ಬೆನ್ನ ಹಿಂದೆ ಒಮ್ಮೆ ನೋಡಿ, ಕೈ ತೊಳೆಯುವ ಜಾಗದ ಪಕ್ಕ ಕೂರಿಸುತ್ತಾರೆ. ಒದ್ದೆ ಕೈ ಕೊಡವಿಕೊಂಡು ಹೋಗುವವರ ನೀರು ಆಗಾಗ ನನ್ನ ತೋಳಿಗೆ ಬೀಳುತ್ತಿತ್ತು. ಮೊದಮೊದಲು ಸಿಟ್ಟು ಬರುತ್ತಿತ್ತು. ನಾಲ್ಕೈದು ವಾರವಾದ ಮೇಲೆ ನಾನೇ ನೇರವಾಗಿ ಆ ಮೇಜಿಗೆ ಹೋಗಿ ಕೂರುತ್ತಿದ್ದೆ.

ಹೀಗೆ ಐದು ತಿಂಗಳಾಯಿತು. ಅಕ್ಕ ಕರೆದಾಗಲೆಲ್ಲ ಆಫೀಸು, ನೆಗಡಿ, ಸೊಸೈಟಿಯ ಮೀಟಿಂಗು ಎಂದು ತಪ್ಪಿಸಿಕೊಂಡೆ. ನನ್ನ ಮುಖ ನೋಡಿದರೆ ಅವಳಿಗೆ ಎಲ್ಲ ಗೊತ್ತಾಗುತ್ತದೆ ಎಂಬ ಭಯ. ಕೊನೆಗೆ ಅವಳೇ, "ಶನಿವಾರ ಸಾಯಂಕಾಲ ನಾವಿಬ್ರೂ ಬರ್ತೀವಿ. ನಮ್ಮ ಹೋಟೆಲ್‌ನಲ್ಲಿ ಕೂತಿರು" ಎಂದು ಹೇಳಿ ಫೋನಿಟ್ಟಳು.

ಅವಳು ಒಳಗೆ ಬಂದಾಗ ನನಗೆ ಗುರುತೇ ಹತ್ತಲಿಲ್ಲ ಎಂದರೆ ನಂಬಬೇಕು. ಸ್ವಲ್ಪ ದಪ್ಪಗಾಗಿದ್ದಳು. ಇಳಕಲ್ ಸೀರೆ ಉಟ್ಟಿದ್ದಳು. ಭಾವನವರು ಎರಡು ಹೆಜ್ಜೆ ಹಿಂದೆ ಅವಳ ಕೊಡೆ ಹಿಡಿದುಕೊಂಡು ಬಂದರು. "ಆರಾಮ ಅದೀರಿಲ್ಲ್ರಿ? ನಿಮ್ಮ ಸುದ್ದಿ ಇಲ್ದ ನಮ್ಮ ಮನ್ಯಾಗ ಚಹಾ ಸುದ್ದಾ ಕುದಿಯೂದಿಲ್ಲ" ಎಂದರು. ಅವರಿಬ್ಬರೂ ಒಬ್ಬರನ್ನೊಬ್ಬರು ನೀವು ಎಂದು ಕರೆಯುತ್ತಿದ್ದರು.

ಕುಂದಾಪುರದವರು ಓಡಿ ಬಂದರು. "ಟೀಚರ್! ಊರಿಂದ ಯಾವಾಗ ಬಂದದ್ದು? ಮೇಡಂ ಕೂಡ ಕಾಣ್ಲಿಕ್ಕೇ ಇಲ್ಲ ಈಗ."

ನನ್ನ ಕಿವಿ ಬಿಸಿಯಾಯಿತು. ಅಕ್ಕ ನನ್ನನ್ನು ಒಮ್ಮೆ ನೋಡಿ, "ಮೊನ್ನೆ ಬಂದೆ" ಎಂದಳು. ಅವರು ಹೋದ ಮೇಲೆ, "ಇಲ್ಲಿಗೆ ಬರ್ತಾ ಇಲ್ವಾ ನೀನು?" ಎಂದು ಕೇಳಿದಳು.

"ಆಫೀಸಿಂದ ಬರ್ತಾ ಠಾಣೇಲೇ ತಿಂತೀನಿ" ಎಂದೆ. "ಅಲ್ಲೂ ಗಡ್‌ಬಡ್ ಚೆನ್ನಾಗಿರತ್ತೆ."

ಅವಳು ನಂಬಿದಳೋ ಇಲ್ಲವೋ ಹೇಳಲಾರೆ. ಅಷ್ಟರಲ್ಲಿ ಹಳೆಯ ಗಿರಾಕಿಗಳು ಬಂದ ಸಂತೋಷಕ್ಕೆ, ಊಟಕ್ಕೂ ಮೊದಲೇ, ಗಡ್‌ಬಡ್ ಬಂತು. ಒಂದು ಲೋಟ, ಎರಡು ಚಮಚ. ಅಕ್ಕ ತನ್ನ ಚಮಚವನ್ನು ಪಕ್ಕಕ್ಕಿಟ್ಟು ಲೋಟವನ್ನು ನನ್ನ ಕಡೆ ಸರಿಸಿದಳು.

"ನೀನೇ ತಿನ್ನು. ನಾನಿನ್ನು ನಾಟಕ ಆಡೋದಿಲ್ಲ" ಎಂದು ನಕ್ಕಳು. ಆಮೇಲೆ ಭಾವನವರ ಕಡೆ ತಿರುಗಿದಳು. "ನೋಡಿ, ಇವಳಿಗೆ ಇದು ಅಂದ್ರೆ ಪ್ರಾಣ. ನಂಗೆ ಒಂದು ದಿನಾನೂ ಸೇರಿಲ್ಲ. ಬರೀ ಸಕ್ಕರೆ, ತಲೆ ಸಿಡಿಯತ್ತೆ. ಇವಳು ಬಂದ ಹೊಸದ್ರಲ್ಲಿ ದಿನಾ ಅಳೋಳು. ಏನ್ ಮಾಡಿದ್ರೂ ನಿಲ್ಲಿಸ್ತಿರ್ಲಿಲ್ಲ. ಒಂದಿನ ಇಲ್ಲಿ ಕರ್ಕೊಂಬಂದು ಇದನ್ನ ಕೊಡ್ಸಿದೆ. ಗಪ್ ಅಂತ ನಿಂತೋಯ್ತು ಅಳು! ಆಮೇಲೆ ನಾನು ಬಿಡೋದು ಹೆಂಗೆ? ಒಬ್ಬಳೇ ತಿನ್ನು ಅಂದ್ರೆ ತಿನ್ನೋಳಲ್ಲ, ಅದಕ್ಕೇ ಬೈ ಟೂ."

"ಇಪ್ಪತ್ತೇಳು ವರ್ಷ ತಿಂದೀರಿ?" ಎಂದರು ಭಾವನವರು. "ನನಗ ಶುಗರ್ ಅದರೀ, ನೋಡೂದಷ್ಟ ನನ್ನ ಪಾಲಿಗೆ. ನೀವು ಅಂತೂ ಭಾಳ ಶೂರರು."

"ಇನ್ನೇನ್ ಮಾಡ್ಲಿ?" ಎಂದಳು ಅಕ್ಕ. ಅವಳ ನಗು ಸ್ವಲ್ಪ ಕಡಿಮೆಯಾಯಿತು. "ನಿಮ್ಮನೆಗೆ ಬರೋವಾಗ ಇದೊಂದೇ ಧೈರ್ಯ ನಂಗೆ. ನಾನಿಲ್ದೇ ಹೋದ್ರೂ ಇದು ಇರತ್ತಲ್ಲ, ವಾರಕ್ಕೊಂದಿನ ಆದ್ರೂ ಖುಷಿಯಾಗಿರ್ತಾಳೆ ಅಂತ."

ಮೊದಲು ನನಗೆ ಸಿಟ್ಟೇ ಬಂತು. ಜೆಲ್ಲಿಯನ್ನು ನಾನು ಅತ್ತ ತಳ್ಳಿದ್ದು, ಚೆರಿಯನ್ನು ಅವಳು ಇತ್ತ ನೂಕಿದ್ದು ಎಲ್ಲ ಒಟ್ಟಿಗೆ ನೆನಪಾಗಿ, ನನಗೂ ಸೇರುತ್ತಿರಲಿಲ್ಲ ಕಣೇ, ನಾನೂ ನಿನಗಾಗಿಯೇ ತಿಂದೆ ಎಂದು ಹೇಳಿಬಿಡೋಣ ಅನಿಸಿತು. ಹೇಳಿದ್ದರೆ ಮೂವರೂ ಬಿದ್ದು ಬಿದ್ದು ನಗುತ್ತಿದ್ದೆವು. ಆದರೆ ಕಲ್ಯಾಣದ ಗಾಡಿ ಹತ್ತುವ ಹೊತ್ತಿಗೆ ಅಕ್ಕನ ನಗು ನಿಲ್ಲುತ್ತಿತ್ತು. ಹಾಗಾದರೆ ಐದು ತಿಂಗಳಿಂದ ಇವಳು ನನಗೆ ಹೇಳಿದ್ದೇನು, ಶನಿವಾರ ಎಲ್ಲಿದ್ದಳು, ಹೇಗಿದ್ದಳು ಎಂದು ಯೋಚಿಸುತ್ತಿದ್ದಳು. ಸೋಮವಾರ ಬ್ಯಾಗು ಹಿಡಿದು ನನ್ನ ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅವಳು ಬಂದು ನಿಲ್ಲಲಿ ಎಂದು ನನಗೆ ಎಷ್ಟು ಆಸೆಯಿತ್ತು ಎಂದು ಬರೆಯಲು ನಾಚಿಕೆಯೇನಿಲ್ಲ. ಬಹಳ ಇತ್ತು. ನಾನು ಚಮಚ ತೆಗೆದುಕೊಂಡೆ.

ಮೇಲಿನ ಶರಬತ್ತಿನಿಂದ ಶುರುಮಾಡಿ ಒಂದೊಂದೇ ಬಣ್ಣ ಇಳಿಯುತ್ತಾ ಹೋದೆ. ಚೆರಿ ತಿಂದೆ. ಗೋಡಂಬಿ ಬಂದಾಗ ಸ್ವಲ್ಪ ಉಸಿರಾಡಲು ಬಿಡುವಾಯಿತು. ಅಕ್ಕ ಆಫೀಸಿನ ಸುದ್ದಿ ಕೇಳಿದಳು. ನಾನು ತಿನ್ನುತ್ತಾ ಚಾಡಿ ಹೇಳಿದೆ. ಭಾವನವರು ಒಳ್ಳೆಯವರು, ಎಲ್ಲಿ ನಗಬೇಕೋ ಅಲ್ಲೆಲ್ಲ ನಕ್ಕರು. ತಳದ ಜೆಲ್ಲಿಯನ್ನು ಜೀವನದಲ್ಲಿ ಮೊದಲ ಸಲ ಪೂರ್ತಿ ನುಂಗಿದೆ. ಲೋಟ ಬರಿದಾದಾಗ ಕಣ್ಣಲ್ಲಿ ನೀರು ಬಂದಿತ್ತು. ತಂಪು ನೆತ್ತಿಗೇರಿತು ಎಂದೆ. ಅಕ್ಕನ ಮುಖ ನೋಡಬೇಕಿತ್ತು. ಪರೀಕ್ಷೆಯಲ್ಲಿ ತನ್ನ ಶಾಲೆಯ ಮಕ್ಕಳೆಲ್ಲ ಪಾಸಾದ ದಿನ ಅವಳು ಹಾಗೆ ಕಾಣುತ್ತಿದ್ದಳು.

ಹೊರಡುವಾಗ ಅವಳು ಕುಂದಾಪುರದವರನ್ನು ಪಕ್ಕಕ್ಕೆ ಕರೆದು ಏನೋ ಹೇಳಿ ಹೋದಳು. ನನಗೆ ಕೇಳಿಸಲಿಲ್ಲ.

ಅಕ್ಕ ಬಂದು ಹೋದ ಮೇಲೆ ಆ ಹೋಟೆಲು ತಪ್ಪಿಸಲು ನನಗೆ ನೆವ ಉಳಿಯಲಿಲ್ಲ. ಮುಂದಿನ ಶನಿವಾರ ಹೋದೆ. ನಾನು ಕುರ್ಚಿ ಎಳೆದುಕೊಳ್ಳುವ ಮೊದಲೇ ಅವರು ಗಡ್‌ಬಡ್ ತಂದಿಟ್ಟರು.

"ಇವತ್ತು ಬೇಡ, ಹೊಟ್ಟೆ ಸರಿ ಇಲ್ಲ. ಒಂದು ಇಡ್ಲಿ ಸಾಕು" ಎಂದೆ.

"ನೀವು ಹಾಗೇ ಹೇಳ್ತೀರಿ ಅಂತ ಟೀಚರ್ ಮೊದಲೇ ಹೇಳಿದ್ದಾರೆ ಮೇಡಂ. ಅವಳಿಗೆ ಸಂಕೋಚ, ಬೇಡ ಅಂದ್ರೂ ಇಟ್ಟುಬಿಡಿ ಅಂದ್ರು" ಎಂದು ಅವರು ನಕ್ಕು, ಹೋಗದೆ ಅಲ್ಲೇ ನಿಂತರು. "ಎಂಟು ಗಂಟೆಗೆ ನಂಗೆ ಫೋನ್ ಬರ್ತದೆ. ಲೋಟ ಖಾಲಿ ಆಯ್ತಾ ಅಂತ ಕೇಳ್ತಾರೆ. ನಾನು ಸುಳ್ಳು ಹೇಳ್ಲಿಕ್ಕೆ ಆಗ್ತದಾ?"

ಗಡಿಯಾರದಲ್ಲಿ ಏಳೂವರೆಯಾಗಿತ್ತು. ನಾನು ಖಾಲಿ ಮಾಡಿ, ಲೋಟವನ್ನು ಅವರಿಗೆ ಕಾಣುವ ಹಾಗೆ ಮೇಜಿನ ಅಂಚಿಗೆ ಸರಿಸಿದೆ.